ತಲೆಯ ಮೇಲಿನ ಗಂಟು, ಮನೆಯ ಮೇಲಿನ ಅಟ್ಟ

ಒಳ್ಳೆಯ ಪುಸ್ತಕವೊಂದು ನಮ್ಮ ಕೈಗೆ ಬರುವುದು ಹೇಗೆ? ಜಾಹೀರಾತು ನೋಡಿ ಕೊಂಡದ್ದು ಕಡಿಮೆ. ವಿಮರ್ಶೆ ಓದಿ ಕೊಂಡದ್ದು ಇನ್ನೂ ಕಡಿಮೆ. ನಂಬಿಕೆಯ ಸ್ನೇಹಿತರೊಬ್ಬರು ‘ಇದನ್ನೊಮ್ಮೆ ಓದಿ ನೋಡಿರಿ’ ಎಂದು ಕೈಗಿಟ್ಟಾಗ ಮಾತ್ರ ನಾವು ತಪ್ಪದೆ ಪುಟ ತೆರೆಯುತ್ತೇವೆ. ಓದಿ ಮುಗಿಸಿದ ಮೇಲೆ ನಾವೂ ಮತ್ತೊಬ್ಬರಿಗೆ ಹೇಳುತ್ತೇವೆ. ಸಾಹಿತ್ಯ ಚರಿತ್ರೆಗಳು ಕವಿಗಳ ಹೆಸರನ್ನೂ ಕೃತಿಗಳ ಇಸವಿಯನ್ನೂ ಕೊಡುತ್ತವೆ. ಒಬ್ಬರು ಇನ್ನೊಬ್ಬರಿಗೆ ಪುಸ್ತಕ ಹೇಳಿದ ಈ ಸಣ್ಣ ವ್ಯವಹಾರಕ್ಕೆ ಅಲ್ಲಿ ಜಾಗ ಸಿಗುವುದು ಅಪರೂಪ. ಆದರೆ ಕಳೆದ ನೂರಿಪ್ಪತ್ತು ವರ್ಷಗಳ ಕನ್ನಡದ ಓದು, ಅದರಲ್ಲೂ ಉತ್ತರ ಕರ್ನಾಟಕದ ಓದು, ಬೆಳೆದದ್ದು ಬಹುಮಟ್ಟಿಗೆ ಈ ವ್ಯವಹಾರದ ಮೇಲೆಯೇ.

ಮೊದಲು ಅಂದಿನ ಸ್ಥಿತಿಯನ್ನು ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಇಲಾಖೆಗೆ ಸೇರಿದ್ದವು. ಸರಕಾರಿ ಕಚೇರಿಯಲ್ಲಿ ಮರಾಠಿ, ಶಾಲೆಯಲ್ಲಿ ಮರಾಠಿ, ಓದು ಬಲ್ಲವರ ಮನೆಯಲ್ಲಿಯೂ ಮರಾಠಿ ಪುಸ್ತಕ. ಡೆಪ್ಯುಟಿ ಚನ್ನಬಸಪ್ಪನವರಂಥವರು ಹಟ ಹಿಡಿದು ಕನ್ನಡ ಶಾಲೆಗಳನ್ನು ಬೆಳೆಸಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಸಂಘವು ಕನ್ನಡದಲ್ಲಿ ಬರೆದವರಿಗೆ ಬಹುಮಾನ ಕೊಟ್ಟಿತು, ‘ವಾಗ್ಭೂಷಣ’ವೆಂಬ ಪತ್ರಿಕೆಯನ್ನು ನಡೆಸಿತು. ಬರೆಯುವವರೇನೋ ಸಿಕ್ಕರು. ಓದುವವರು ಎಲ್ಲಿ? ಶಾಲೆ ಕಲಿತವರು ಹಳ್ಳಿ ಹಳ್ಳಿಗಳಲ್ಲಿ ಚದುರಿಹೋಗಿದ್ದರು. ಪುಸ್ತಕದಂಗಡಿ ಎಂಬುದು ದೊಡ್ಡ ಊರಿನ ಮಾತು.

ಈ ಪ್ರಶ್ನೆಗೆ ಕಾಲಿನಿಂದ ಉತ್ತರ ಕೊಟ್ಟವರು ಗಳಗನಾಥರು. ಅವರ ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ತುಂಗಭದ್ರೆಗೆ ವರದೆ ಕೂಡುವ ಗಳಗನಾಥವೆಂಬ ಹಳ್ಳಿಯಲ್ಲಿ 1869ರಲ್ಲಿ ಹುಟ್ಟಿದವರು, ಊರಿನ ಹೆಸರನ್ನೇ ತಮ್ಮ ಹೆಸರಾಗಿ ಮಾಡಿಕೊಂಡರು. ವೃತ್ತಿಯಿಂದ ಶಾಲಾ ಮಾಸ್ತರರು. 1898ರಲ್ಲಿ ಅವರ ‘ಪ್ರಬುದ್ಧ ಪದ್ಮನಯನೆ’ ಬಂದಿತು. ಮುಂದೆ ‘ಕುಮುದಿನಿ’, ‘ಮಾಧವ ಕರುಣಾವಿಲಾಸ’ ಮೊದಲಾದ ಕಾದಂಬರಿಗಳು ಒಂದರ ಹಿಂದೊಂದು ಬಂದವು. 1907ರಲ್ಲಿ ಹಾವೇರಿಯ ಹತ್ತಿರದ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟಿತು. ಅದರ ಬೆನ್ನೆಲುಬೂ ಅವರೇ.

ಪುಸ್ತಕ ಬರೆದು, ಅಚ್ಚು ಹಾಕಿಸಿ, ಸುಮ್ಮನೆ ಕೂಡುವ ಜಾಯಮಾನ ಅವರದಲ್ಲ. ಪುಸ್ತಕಗಳನ್ನು ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ಊರೂರು ತಿರುಗಿದರು. ಈ ಚಿತ್ರ ಕನ್ನಡಿಗರ ನೆನಪಿನಲ್ಲಿ ಎಷ್ಟು ಗಟ್ಟಿಯಾಗಿ ನಿಂತಿದೆಯೆಂದರೆ, ಅವರ ಒಂದು ಕಾದಂಬರಿಯನ್ನೂ ಓದದವರು ಕೂಡ ಆ ಗಂಟನ್ನು ಬಲ್ಲರು. ಕೊಂಡವರಲ್ಲಿ ಹಳ್ಳಿಯ ಕುಲಕರ್ಣಿ, ಗೌಡ, ಮಾಸ್ತರ ಇಂಥವರೇ ಹೆಚ್ಚಿನವರು ಇದ್ದಿರಬೇಕು. ಆದರೆ ಕೊಂಡವನೊಬ್ಬ, ಕೇಳಿದವರು ಹತ್ತು ಮಂದಿ. ಅಂದಿನ ಓದು ಬಾಯಿ ಮುಚ್ಚಿಕೊಂಡು ಮಾಡುವಂಥದಾಗಿರಲಿಲ್ಲ. ಅಕ್ಷರ ಬಲ್ಲ ಹುಡುಗನೊಬ್ಬ ದೀಪದ ಬುಡದಲ್ಲಿ ಕೂತು ಓದಬೇಕು. ಅಜ್ಜಿ, ಅವ್ವ, ಅತ್ತಿಗೆ, ನೆರೆಮನೆಯವರು ಕೇಳಬೇಕು. ಮರುದಿನ ಬಾವಿಯ ಕಟ್ಟೆಯ ಮೇಲೆ ಕತೆಯ ಮುಂದಿನ ಭಾಗದ ಬಗ್ಗೆ ವಾದ. ಇದಕ್ಕಿಂತ ಒಳ್ಳೆಯ ಪ್ರಚಾರ ಯಾವ ಪ್ರಕಾಶಕನಿಗೆ ಸಿಕ್ಕೀತು?

ಇಲ್ಲಿ ಒಂದು ಮಾತು ಪುಣೆ, ಮುಂಬಯಿಗಳಲ್ಲಿರುವ ನಮ್ಮಂಥವರಿಗೆ ಸ್ವಾರಸ್ಯದ್ದು. ಗಳಗನಾಥರು ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಮೆಚ್ಚಿ ಕನ್ನಡಕ್ಕೆ ತಂದರು. ಅವರ ‘ಕನ್ನಡಿಗರ ಕರ್ಮಕಥೆ’ಯ ಮೂಲ ಆಪಟೆಯವರ ‘ವಜ್ರಾಘಾತ’. ವಿಜಯನಗರ ಬಿದ್ದ ಕತೆ ಉತ್ತರ ಕರ್ನಾಟಕದ ಎಷ್ಟೋ ಕನ್ನಡಿಗರ ಮನೆಗಳಿಗೆ ಮರಾಠಿಯ ಮೂಲಕ ಬಂದಿತೆಂದರೆ ಯಾರಾದರೂ ಹುಬ್ಬೇರಿಸಬಹುದು. ನನಗಂತೂ ಅದರಲ್ಲಿ ಅವಮಾನವೇನೂ ಕಾಣುವುದಿಲ್ಲ. ಮರಾಠಿಯಲ್ಲಿ ಓದಿ ಸುಖಪಟ್ಟವನೊಬ್ಬ, ಇದು ನಮ್ಮವರಿಗೂ ಸಿಗಲಿ ಎಂದು ಬಗೆದ. ಶಿಫಾರಸು ಎಂದರೆ ಇಷ್ಟೇ ತಾನೆ? ಇದೇ ಕೆಲಸವನ್ನು ಹಳೆಯ ಮೈಸೂರಿನಲ್ಲಿ ಅವರಿಗಿಂತ ಮೊದಲೇ ಮಾಡಿದವರು ಬಿ. ವೆಂಕಟಾಚಾರ್ಯರು (1845–1914). ನ್ಯಾಯಾಂಗದ ನೌಕರಿಯಲ್ಲಿದ್ದುಕೊಂಡು, ಈಶ್ವರಚಂದ್ರ ವಿದ್ಯಾಸಾಗರರೊಡನೆ ಪತ್ರವ್ಯವಹಾರ ನಡೆಸಿ, ಬಂಗಾಳಿ ಕಲಿತು, ಬಂಕಿಮಚಂದ್ರರನ್ನು ಕನ್ನಡದ ಮನೆಮಾತಾಗಿಸಿದರು. ಅಂಚೆಯ ಮೂಲಕ ನಡೆದ ಆ ಸ್ನೇಹ ಕನ್ನಡದ ಎರಡು ತಲೆಮಾರುಗಳಿಗೆ ಓದು ಒದಗಿಸಿತು.

ಅಂಚೆಯ ಮಾತು ಬಂದಿತು. ನಮ್ಮ ದೇಶದಲ್ಲಿ ವಿ.ಪಿ. ಪದ್ಧತಿ ಶುರುವಾದದ್ದು 1877ರಲ್ಲಿ. ಪುಸ್ತಕ ಮನೆಗೆ ಬಂದ ಮೇಲೆ ಪೋಸ್ಟಮನ್ನನ ಕೈಯಲ್ಲಿ ಹಣ ಕೊಟ್ಟರಾಯಿತು. ಅಂಗಡಿಯಿಲ್ಲದ ಊರಿಗೆ ಇದೇ ಅಂಗಡಿ. ಗ್ರಂಥಮಾಲೆಗಳೆಂಬುವು ಬೆಳೆದದ್ದು ಇದರ ಆಸರೆಯಿಂದಲೇ. ನಂಜನಗೂಡಿನ ತಿರುಮಲಾಂಬಾ ಅವರು 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ತೊಡಗಿದಾಗ, ಅದರ ಓದುಗರಾಗಿ ಅವರ ಮನಸ್ಸಿನಲ್ಲಿದ್ದವರು ಹೆಣ್ಣುಮಕ್ಕಳು. ಬಾಲವಿಧವೆಯೊಬ್ಬರು ಮನೆಯಲ್ಲಿಯೇ ಓದಿ, ಬರೆದು, ಪ್ರಕಾಶಕರಾಗಿ, ಮುಂದೆ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಗೆ ಸಂಪಾದಕರೂ ಆದದ್ದು ಆ ಕಾಲಕ್ಕೆ ಸಣ್ಣ ಸಾಹಸವಲ್ಲ. ಅವರು ಬದುಕಿದ್ದು 1982ರವರೆಗೆ. ಅಷ್ಟರೊಳಗೆ ಅವರ ಹೆಸರನ್ನು ಒಬ್ಬರಿಗೊಬ್ಬರು ಹೇಳುವವರೇ ಇಲ್ಲದೆ, ಅವರ ಪುಸ್ತಕಗಳು ಕಣ್ಮರೆಯಾಗಿದ್ದವು. ಹೇಳುವ ಬಾಯಿ ನಿಂತರೆ ಅಚ್ಚಾದ ಪುಸ್ತಕವೂ ಸಾಯುತ್ತದೆ.

ಈಗ ಧಾರವಾಡಕ್ಕೆ ಮರಳೋಣ. 1922ರ ಸುಮಾರಿಗೆ ದ. ರಾ. ಬೇಂದ್ರೆಯವರ ಸುತ್ತ ತರುಣರ ಗುಂಪೊಂದು ಕೂಡಿತು. ಅದಕ್ಕೆ ಅವರಿಟ್ಟುಕೊಂಡ ಹೆಸರು ‘ಗೆಳೆಯರ ಗುಂಪು’. ಎಷ್ಟು ಸಾದಾ ಹೆಸರು ನೋಡಿರಿ! ಸಂಘವಲ್ಲ, ಪರಿಷತ್ತಲ್ಲ, ಮಂಡಳಿಯಲ್ಲ. ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿ ಇವರೆಲ್ಲ ಆ ಗುಂಪಿನವರು. ಕೂಡಿದರೆ ಕವಿತೆ ಓದುವುದು, ಓದಿದ್ದನ್ನು ಹೇಳುವುದು, ಜಗಳವಾಡುವುದು. ಗೋಕಾಕರು ಆಗ ಕರ್ನಾಟಕ ಕಾಲೇಜಿನ ವಿದ್ಯಾರ್ಥಿ, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದವರು. ಬೇಂದ್ರೆಯವರ ಸಹವಾಸ ಅವರನ್ನು ಕನ್ನಡಕ್ಕೆ ಎಳೆಯಿತು. ಜ್ಞಾನಪೀಠ ಪಡೆದ ಇಬ್ಬರು ಒಂದೇ ಗುಂಪಿನಿಂದ ಬಂದರೆಂಬುದನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಒಬ್ಬನು ಇನ್ನೊಬ್ಬನಿಗೆ ‘ನಿನ್ನ ಭಾಷೆಯಲ್ಲಿ ಬರೆ’ ಎಂದು ಹೇಳುವಷ್ಟು ಸಲಿಗೆ ಅಲ್ಲಿತ್ತೆಂಬುದು ನನಗೆ ಹೆಚ್ಚಿನದಾಗಿ ತೋರುತ್ತದೆ.

ಇತ್ತ ವಿಜಾಪುರ ಜಿಲ್ಲೆಯ ಹಲಸಂಗಿ ಎಂಬ ಸಣ್ಣ ಹಳ್ಳಿಯಲ್ಲಿ ಇನ್ನೊಂದು ಗೆಳೆತನ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ. ಅವರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಬಂದಿತು. ಅದು ಓದಲು ಬಾರದ ಹೆಂಗಸರು ಓದಬಲ್ಲವರಿಗೆ ಕೊಟ್ಟ ಪುಸ್ತಕ. ಬೀಸುಕಲ್ಲಿನ ಮುಂದೆ ಬಾಯಿಂದ ಬಾಯಿಗೆ ಬಂದದ್ದು ಈ ಗೆಳೆಯರ ದೆಸೆಯಿಂದ ಕಾಗದಕ್ಕೆ ಬಂದಿತು.

ಬೇಂದ್ರೆಯವರ ಆ ಬಳಗದಲ್ಲಿ ಓಡಾಡಿಕೊಂಡಿದ್ದವರಲ್ಲಿ ಜಿ. ಬಿ. ಜೋಶಿಯವರೂ ಒಬ್ಬರು. ‘ಜಡಭರತ’ನೆಂಬ ಹೆಸರಿನಿಂದ ನಾಟಕ ಬರೆದವರು. ‘ಮೂಕಬಲಿ’, ‘ಕದಡಿದ ನೀರು’, ‘ಸತ್ತವರ ನೆರಳು’ ನೋಡಿದವರು ಅವರನ್ನು ಮರೆಯಲಾರರು. 1933ರಲ್ಲಿ ಅವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಕ್ರಮ ಸರಳ. ಓದುಗರು ವರ್ಷದ ಚಂದಾ ಕೊಡಬೇಕು, ಮಾಲೆಯ ಪುಸ್ತಕಗಳು ಅವರ ಮನೆಗೆ ಬರುತ್ತವೆ. ಇದರಲ್ಲಿ ಒಂದು ಗಹನವಾದ ವಿಶ್ವಾಸವಿದೆ. ಯಾವ ಪುಸ್ತಕ ಬರುತ್ತದೆಂದು ತಿಳಿಯುವ ಮೊದಲೇ ಚಂದಾದಾರ ಹಣ ಕೊಟ್ಟಿರುತ್ತಾನೆ. ‘ಜೋಶಿಯವರು ಆರಿಸಿದ್ದರೆ ಓದಬಹುದು’ ಎಂಬ ಒಂದು ಮಾತಿನ ಮೇಲೆ ನಿಂತ ವ್ಯಾಪಾರ ಅದು. ಈ ವಿಶ್ವಾಸವೇ ಅವರಿಗೆ ಹೊಸಬರನ್ನು ಅಚ್ಚು ಹಾಕುವ ಧೈರ್ಯ ಕೊಟ್ಟಿತು. ಹೆಸರಿಲ್ಲದ ಲೇಖಕನ ಪುಸ್ತಕವನ್ನು ಅಂಗಡಿಯಲ್ಲಿಟ್ಟರೆ ಧೂಳು ತಿಂದೀತು. ಚಂದಾದಾರನ ಮನೆಗೆ ಹೋದರೆ, ಒಂದು ಮಧ್ಯಾಹ್ನವಾದರೂ ಯಾರಾದರೂ ಬಿಚ್ಚಿ ನೋಡಿಯಾರು.

ಗ್ರಂಥಮಾಲೆಯ ಕಚೇರಿ ಧಾರವಾಡದ ಪೇಟೆಯೊಳಗೆ, ಮೆಟ್ಟಿಲು ಹತ್ತಿ ಹೋಗಬೇಕಾದ ಒಂದು ಅಟ್ಟ. ಬರಬರುತ್ತ ‘ಅಟ್ಟ’ ಎಂದರೆ ಸಾಕು, ಅದೇ ಎಂದು ತಿಳಿಯುವ ಹಾಗಾಯಿತು. ಹರಟೆ, ಚಹಾ, ಹಸ್ತಪ್ರತಿಯ ಓದು, ಯಾರೋ ತಂದ ಹೊಸ ಪುಸ್ತಕದ ಸುದ್ದಿ. ಇಲ್ಲಿಗೆ ಸಾಹಿತ್ಯ ಸಲಹೆಗಾರರಾಗಿ ಒದಗಿದವರು ಕೀರ್ತಿನಾಥ ಕುರ್ತಕೋಟಿ. ಗದಗಿನ ಕಡೆಯವರು, ಹೊಟ್ಟೆಪಾಡಿಗೆ ಗುಜರಾತದ ಆನಂದದಲ್ಲಿ ಇಂಗ್ಲಿಷ್ ಅಧ್ಯಾಪಕರು. ಹೌದು, ನಮ್ಮ ಹಾಗೆ ಹೊರನಾಡ ಕನ್ನಡಿಗರು! ಮಾಲೆಯ ಬೆಳ್ಳಿಹಬ್ಬದ ನಿಮಿತ್ತ ಹೊರಬಂದ ‘ನಡೆದು ಬಂದ ದಾರಿ’ಯ ಸಂಪುಟಗಳು ಆಧುನಿಕ ಕನ್ನಡ ಸಾಹಿತ್ಯದ ಲೆಕ್ಕಪತ್ರವಿದ್ದ ಹಾಗೆ, ಅದರಲ್ಲಿ ಅವರ ಪಾಲು ದೊಡ್ಡದು.

ಅಟ್ಟದ ಕತೆಗಳಲ್ಲಿ ಎಲ್ಲಕ್ಕೂ ಪ್ರಸಿದ್ಧವಾದದ್ದು ಗಿರೀಶ ಕಾರ್ನಾಡರದು. ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿದ ಹುಡುಗ, ಇಂಗ್ಲಿಷ್ ಕವಿಯಾಗಬೇಕೆಂಬ ಕನಸು ಕಟ್ಟಿಕೊಂಡವನು, ರೋಡ್ಸ್ ವಿದ್ಯಾರ್ಥಿವೇತನ ಪಡೆದು 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಡುವವನಿದ್ದ. ಆ ತಳಮಳದ ದಿನಗಳಲ್ಲಿ ರಾಜಾಜಿಯವರ ಮಹಾಭಾರತದಲ್ಲಿ ಓದಿದ ಯಯಾತಿಯ ಕತೆ ಮನಸ್ಸನ್ನು ಹಿಡಿಯಿತು. ಬರೆದದ್ದು ನಾಟಕವಾಯಿತು, ಅದೂ ಕನ್ನಡದಲ್ಲಿ. ಹಸ್ತಪ್ರತಿ ಜೋಶಿಯವರ ಕೈಗೆ ಹೋಯಿತು. ಲೇಖಕ ಪರದೇಶದಲ್ಲಿರುವಾಗಲೇ 1961ರಲ್ಲಿ ‘ಯಯಾತಿ’ ಅಚ್ಚಾಗಿ ಚಂದಾದಾರರ ಮನೆ ಮುಟ್ಟಿತು. ಇಪ್ಪತ್ತಮೂರು ವರ್ಷದವನ ಮೊದಲ ನಾಟಕ! ಜೋಶಿಯವರು ‘ಮೊದಲು ಹೆಸರು ಮಾಡಿ ಬಾರಪ್ಪ’ ಎಂದಿದ್ದರೆ ಏನಾಗುತ್ತಿತ್ತೋ. ಇಂಗ್ಲಿಷ್ ಕವಿಯ ಕನಸು ಹಿಂದೆ ಬಿದ್ದಿತು.

ಎರಡನೆಯ ನಾಟಕದ ಹುಟ್ಟು ಇನ್ನೂ ಸ್ಪಷ್ಟವಾಗಿ ಒಂದು ಮಾತಿನಿಂದ ಆದದ್ದು. ಶಾ, ಬ್ರೆಖ್ಟರು ಬರೆದಂಥ ಐತಿಹಾಸಿಕ ನಾಟಕ ನಮ್ಮಲ್ಲಿ ಇಲ್ಲವೆಂಬುದು ಕುರ್ತಕೋಟಿಯವರ ಅಭಿಪ್ರಾಯ. ಕಾರ್ನಾಡರು ಅದನ್ನು ಸವಾಲಾಗಿ ತೆಗೆದುಕೊಂಡು ಭಾರತದ ಇತಿಹಾಸವನ್ನು ಮೊದಲಿನಿಂದ ಓದುತ್ತ ಹೋದರು. ಈಶ್ವರೀಪ್ರಸಾದರ ಇತಿಹಾಸದಲ್ಲಿ ಮಹಮ್ಮದ ತುಘಲಕನ ಹತ್ತಿರ ಬಂದು ನಿಂತರು. 1964ರಲ್ಲಿ ‘ತುಘಲಕ್’ ಬಂದಿತು. ಪ್ರಕಾಶಕರು ಮತ್ತೆ ಅಟ್ಟದವರೇ. ದಿಲ್ಲಿಯಲ್ಲಿರುವ ನಮ್ಮ ಜನ ಪುರಾನಾ ಕಿಲ್ಲಾದಲ್ಲಿ ಅಲ್ಕಾಜಿಯವರು ಆಡಿಸಿದ ತುಘಲಕನನ್ನು ನೆನೆಯುತ್ತಾರೆ. ಆ ಭವ್ಯತೆಯ ಬೇರು ಧಾರವಾಡದ ಒಂದು ಸಾಹಿತ್ಯದ ಮಾತಿನಲ್ಲಿದೆ ಎಂಬುದು ಎಷ್ಟು ಜನಕ್ಕೆ ಗೊತ್ತು?

ಆ ದಶಕದ ಪಟ್ಟಿ ನೋಡಿದರೆ ಬೆರಗಾಗುತ್ತದೆ. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ 1961ರಲ್ಲಿ. ಯು. ಆರ್. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ ಬರೆದ ‘ಸಂಸ್ಕಾರ’ 1965ರಲ್ಲಿ. ಎ. ಕೆ. ರಾಮಾನುಜನ್ ಅವರ ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ. ಕವಿ ಆಗ ಶಿಕಾಗೋದಲ್ಲಿ. ಕಾರ್ನಾಡರು 1963ರಿಂದ 1970ರವರೆಗೆ ಮದರಾಸಿನಲ್ಲಿ ನೌಕರಿ ಮಾಡಿದವರು. ದೇಸಾಯಿಯವರು ಬಹುಕಾಲ ಕೊಲ್ಹಾಪುರದಲ್ಲಿ ಇಂಗ್ಲಿಷ್ ಕಲಿಸಿದವರು. ಹೀಗೆ ಲೆಕ್ಕ ಹಾಕಿದರೆ ಕನ್ನಡದ ನವ್ಯ ಸಾಹಿತ್ಯದ ಒಂದು ದೊಡ್ಡ ಭಾಗ ಕರ್ನಾಟಕದ ಹೊರಗೆ ಕುಳಿತವರು ಬರೆದದ್ದು. ದೂರ ಹೋದವರಿಗೆ ಭಾಷೆ ಮರೆಯುತ್ತದೆ ಎನ್ನುತ್ತಾರೆ. ಮರೆಯುವುದು ನಿಜ, ತಿಂಗಳುಗಟ್ಟಲೆ ಒಂದು ಕನ್ನಡ ಹಾಳೆ ಮುಟ್ಟದಿದ್ದರೆ ನಮ್ಮಲ್ಲಿ ಯಾರಿಗೂ ಅದು ತಪ್ಪಿದ್ದಲ್ಲ. ಇವರಿಗೆ ಮರೆಯದಿದ್ದುದಕ್ಕೆ ಒಂದು ಕಾರಣ, ‘ಏನು ಬರೆದಿರಿ, ಕಳಿಸಿರಿ’ ಎಂದು ಕೇಳುವವರು ಧಾರವಾಡದಲ್ಲಿ ಒಂದು ಅಟ್ಟದ ಮೇಲೆ ಕೂತಿದ್ದರು.

ಮುಂಬಯಿಯವರ ಪಾಲಿಗೆ ಅಟ್ಟದ ದೊಡ್ಡ ಕಾಣಿಕೆ 1979ರಲ್ಲಿ ಬಂದಿತು, ಯಶವಂತ ಚಿತ್ತಾಲರ ‘ಶಿಕಾರಿ’. ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದು, ಇಲ್ಲಿಯ ರಾಸಾಯನಿಕ ಉದ್ಯಮದಲ್ಲಿ ದುಡಿದ ಚಿತ್ತಾಲರು ಈ ಶಹರದ ಕಚೇರಿಯ ಒಳಜಗಳ, ಭಯ, ಒಂಟಿತನಗಳನ್ನು ಬರೆದರು. ಲೋಕಲ್ ಗಾಡಿಯಲ್ಲಿ ನಿಂತು ಪ್ರಯಾಣ ಮಾಡುವ ಕನ್ನಡಿಗನ ಬದುಕು ಕನ್ನಡ ಕಾದಂಬರಿಗೆ ತಕ್ಕ ವಸ್ತುವೆಂದು ಅಲ್ಲಿಯವರೆಗೆ ಎಷ್ಟು ಜನ ನಂಬಿದ್ದರು? ಪುಸ್ತಕ ಒಂದು, ಓದುಗರು ಹಲವರು. ಗೋರೆಗಾಂವದಲ್ಲಿ ಓದಿದ ಪ್ರತಿ ಡೊಂಬಿವಲಿಗೆ ಹೋಗಿ, ಅಲ್ಲಿಂದ ಮಾಟುಂಗಕ್ಕೆ ಬಂದು, ಕೊನೆಗೆ ಮೊದಲಿನ ಒಡೆಯನಿಗೆ ರಟ್ಟು ಹರಿದು ಸಿಗುವುದು ನಮ್ಮ ಸಂಘಗಳಲ್ಲಿ ಹೊಸ ಸಂಗತಿಯೇನಲ್ಲ. ಸಿಕ್ಕದೆಯೂ ಹೋಗುತ್ತದೆ! ಎರವಲು ಕೊಟ್ಟ ಪುಸ್ತಕ ಮರಳಿ ಕೊಡದವರ ಬಗ್ಗೆ ಬೇರೆಯೇ ಒಂದು ಲೇಖನ ಬರೆಯಬಹುದು, ಸಂಪಾದಕರು ಒಪ್ಪಿದರೆ.

ಗಳಗನಾಥರು 1942ರಲ್ಲಿ ತೀರಿಕೊಂಡರು. ಪುಸ್ತಕದಿಂದ ಸಿರಿವಂತರಾದವರಲ್ಲ. ಜಿ. ಬಿ. ಜೋಶಿಯವರು 1993ರಲ್ಲಿ, ಕುರ್ತಕೋಟಿಯವರು 2003ರಲ್ಲಿ ಹೋದರು. ಗ್ರಂಥಮಾಲೆಯ ಕೆಲಸವನ್ನು ಜೋಶಿಯವರ ಮನೆತನದವರೇ ಮುಂದುವರಿಸಿಕೊಂಡು ಬಂದರು. 2011ರಲ್ಲಿ ಕಾರ್ನಾಡರು ತಮ್ಮ ಆತ್ಮಕಥೆ ‘ಆಡಾಡತಾ ಆಯುಷ್ಯ’ವನ್ನು ಪ್ರಕಟಣೆಗೆ ಕೊಟ್ಟದ್ದು ಅದೇ ಮಾಲೆಗೆ, ‘ಯಯಾತಿ’ ಅಲ್ಲಿಂದ ಹೊರಬಿದ್ದು ಆಗ ಸರಿಯಾಗಿ ಐವತ್ತು ವರ್ಷಗಳಾಗಿದ್ದವು.