ಲೂಸಿಯ ಹಬ್ಬಕ್ಕೆ ಬೆಳಕು ಬಂದದ್ದು ಎಲ್ಲಿಂದ?

ಸಿಸಿಲಿಯ ಸಿರಾಕ್ಯೂಸ್ ನಗರದ ನೆಲದಡಿಯ ಸಮಾಧಿಗಳಲ್ಲಿ 1894ರಲ್ಲಿ ಗ್ರೀಕ್ ಬರಹವಿದ್ದ ಒಂದು ಕಲ್ಲು ಸಿಕ್ಕಿತು. ಯೂಸ್ಕಿಯಾ ಎಂಬ ಹೆಣ್ಣುಮಗಳು ಸುಮಾರು 25 ವರ್ಷ ಬದುಕಿ, ಲೂಸಿಯಾಳ ಹಬ್ಬದ ದಿನ ತೀರಿಕೊಂಡಳು ಎಂದು ಅದರಲ್ಲಿದೆ. ಕ್ರಿ.ಶ. 400ರ ಆಸುಪಾಸಿನ ಈ ಶಾಸನ ಸಂತ ಲೂಸಿಯ ಹಬ್ಬಕ್ಕೆ ಸಿಗುವ ಬಹಳ ಹಳೆಯ ಸಾಕ್ಷ್ಯ. ಮೊದಲ ಸಲ ಅದರ ಅನುವಾದ ಓದಿದಾಗ ನಾನು ಬೆಳಕಿನ ಮಾತಿಗಾಗಿ ಹುಡುಕಿದ್ದೆ. ಇರಲಿಲ್ಲ. ಇದ್ದದ್ದು ಹೆಂಡತಿಯ ಒಳ್ಳೆಯತನ, ಆಕೆ ಸತ್ತ ದಿನ, ಅಷ್ಟೇ.

ಬೆಳಕು ಹೆಸರಿನಿಂದ ಬಂತು ಎನ್ನುವುದು ಸಿದ್ಧ ಉತ್ತರ. ಲ್ಯಾಟಿನ್ನಿನಲ್ಲಿ 'ಲುಕ್ಸ್' ಎಂದರೆ ಬೆಳಕು. ಲೂಸಿ 304ರಲ್ಲಿ, ಡಯೊಕ್ಲೀಷಿಯನ್ ಚಕ್ರವರ್ತಿಯ ಕಾಲದಲ್ಲಿ ಹುತಾತ್ಮಳಾದಳು ಎನ್ನುತ್ತದೆ ಸಂಪ್ರದಾಯ. ಹಳೆಯ ಕಥನದಲ್ಲಿ ಕಣ್ಣು ಕಿತ್ತ ಪ್ರಸಂಗವೇ ಇಲ್ಲ. ತಟ್ಟೆಯಲ್ಲಿ ಕಣ್ಣುಗಳನ್ನು ಹಿಡಿದು ನಿಲ್ಲುವ ಲೂಸಿ ಮಧ್ಯಯುಗದ ಕೊನೆಗೆ ಬಂದವಳು.

ಹೆಸರಿಗಿಂತ ಹೆಚ್ಚು ಕೆಲಸ ಮಾಡಿದ್ದು ಕ್ಯಾಲೆಂಡರ್ ಎಂದು ನನಗನಿಸುತ್ತದೆ. ಜೂಲಿಯನ್ ವರ್ಷ ಸೌರವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದ. ಆ ನಿಮಿಷಗಳು ಸೇರಿ ಸುಮಾರು 128 ವರ್ಷಕ್ಕೆ ಒಂದು ದಿನವಾಗುತ್ತದೆ. ಹೀಗೆ ವರ್ಷದ ಅತಿ ದೀರ್ಘ ರಾತ್ರಿ ಹಿಂದೆ ಹಿಂದೆ ಸರಿಯುತ್ತ 14ನೇ ಶತಮಾನದಲ್ಲಿ ಡಿಸೆಂಬರ್ 13ಕ್ಕೆ, ಅಂದರೆ ಲೂಸಿಯ ಹಬ್ಬಕ್ಕೆ ಬಂದು ಮುಟ್ಟಿತು. ಯಾರೂ ಯೋಜಿಸಿದ್ದಲ್ಲ, ಬರೀ ಲೆಕ್ಕದ ತಪ್ಪು. ಅವಳು ಇದ್ದಲ್ಲೇ ಇದ್ದಳು, ಕತ್ತಲೆ ನಡೆದು ಬಂತು.

1633ರಲ್ಲಿ ಅಚ್ಚಾದ ಜಾನ್ ಡನ್‌ನ ಕವಿತೆಯೊಂದರ ಶೀರ್ಷಿಕೆಯೇ ಅವಳ ಹಬ್ಬವನ್ನು ವರ್ಷದ ಅತಿ ಗಿಡ್ಡ ಹಗಲು ಎನ್ನುತ್ತದೆ. ಇಂಗ್ಲೆಂಡ್ ಆಗಿನ್ನೂ ಹಳೆಯ ಕ್ಯಾಲೆಂಡರ್ ಬಿಟ್ಟಿರಲಿಲ್ಲ. ಪ್ರಿಯೆಯನ್ನು ಕಳೆದುಕೊಂಡ ಆ ಕವಿತೆಯ ನಿರೂಪಕ ಲೂಸಿಯಿಂದ ಬೆಳಕು ಬೇಡುವುದಿಲ್ಲ, ಅವಳ ರಾತ್ರಿಯನ್ನಷ್ಟೇ ಬೇಡುತ್ತಾನೆ. ಇಲ್ಲಿ ನನಗೆ ಯೂಸ್ಕಿಯಾಳ ಕಲ್ಲು ನೆನಪಾಗುತ್ತದೆ.

1753ರಲ್ಲಿ ಸ್ವೀಡನ್ ಹೊಸ ಕ್ಯಾಲೆಂಡರಿಗೆ ಬದಲಾಯಿತು. ಫೆಬ್ರವರಿ 17ರ ಮರುದಿನ ಮಾರ್ಚ್ 1. ದೀರ್ಘ ರಾತ್ರಿ ಡಿಸೆಂಬರ್ 21ರ ಹೊತ್ತಿಗೆ ಹೋಯಿತು, ಲೂಸಿಯ ಹಬ್ಬ ಮಾತ್ರ 13ರಲ್ಲೇ ಉಳಿಯಿತು. ಸಂತರ ಆರಾಧನೆಯನ್ನು ಎಂದೋ ಕೈಬಿಟ್ಟಿದ್ದ ಆ ಲೂಥರನ್ ನಾಡಿನಲ್ಲಿ ಇವತ್ತಿಗೂ ಬಿಳಿ ಉಡುಪಿನ ಹುಡುಗಿ ತಲೆಯ ಮೇಲೆ ಮೇಣದಬತ್ತಿಗಳ ಕಿರೀಟ ಹೊತ್ತು ಅಂದು ಮೆರವಣಿಗೆಯ ಮುಂದೆ ನಡೆಯುತ್ತಾಳೆ. ಹಾಡುವ ಧಾಟಿ ನೇಪಲ್ಸಿನ ದೋಣಿ ಹಾಡಿನದು!

ಸಿಸಿಲಿಯಲ್ಲಿ ಅಂದು ಬ್ರೆಡ್ಡು, ಪಾಸ್ತಾ ತಿನ್ನುವುದಿಲ್ಲ. ಬರಗಾಲದಲ್ಲಿ ಗೋಧಿಯ ಹಡಗು ಬಂದಾಗ ಹಸಿದ ಜನ ಬೀಸುವಷ್ಟೂ ತಾಳ್ಮೆಯಿಲ್ಲದೆ ಕಾಳನ್ನೇ ಬೇಯಿಸಿ ತಿಂದರಂತೆ. ಆ ನೆನಪಿಗೆ ಬೇಯಿಸಿದ ಇಡೀ ಗೋಧಿಯ 'ಕುಚ್ಚೀಯಾ' ಮಾಡುತ್ತಾರೆ.