ಸಿಹಿನೀರಿನ ಹವ್ಯಾಸಿ ಮೀನುಗಾರಿಕೆ: ಅಮೆರಿಕದ ರಾಜ್ಯಗಳ ನಿಯಮಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ನದಿ, ಸರೋವರ, ಜಲಾಶಯಗಳಲ್ಲಿ ಮಾರಾಟಕ್ಕಲ್ಲದೆ ಖುಷಿಗೋ ಮನೆಯ ಅಡುಗೆಗೋ ಗಾಳ ಹಾಕುವವರು ಪಾಲಿಸಬೇಕಾದ ಕಟ್ಟಳೆಗಳು. ಇವನ್ನು ರೂಪಿಸುವ ಅಧಿಕಾರ ಮುಖ್ಯವಾಗಿ ರಾಜ್ಯಗಳದು, ಒಕ್ಕೂಟ ಸರ್ಕಾರದ್ದಲ್ಲ. ಆದ್ದರಿಂದ ಇಡೀ ದೇಶಕ್ಕೆ ಅನ್ವಯಿಸುವ ಒಂದು ಮೀನುಗಾರಿಕೆ ಕೈಪಿಡಿ ಅಲ್ಲಿಲ್ಲ. ಐವತ್ತು ರಾಜ್ಯಗಳು ತಂತಮ್ಮ ಕೈಪಿಡಿಗಳನ್ನು ಹೊರಡಿಸಿ, ಕಾಲಕಾಲಕ್ಕೆ ತಿದ್ದುತ್ತವೆ. ಗಡಿಯ ಸರೋವರದ ಆಚೆ ದಡದಲ್ಲಿ ಸರಿಯಾದದ್ದು ಈಚೆ ದಡದಲ್ಲಿ ದಂಡಕ್ಕೆ ಗುರಿಯಾಗಬಹುದು. ರಾಷ್ಟ್ರೀಯ ಉದ್ಯಾನಗಳಲ್ಲಿ ಒಕ್ಕೂಟದ ಮಾತು ನಡೆಯುತ್ತದೆ. ಯೆಲ್ಲೋಸ್ಟೋನ್‌ನಲ್ಲಿ ರಾಜ್ಯದ ಲೈಸೆನ್ಸ್ ನಡೆಯದು, ಉದ್ಯಾನದ್ದೇ ಪರವಾನಗಿ ಬೇಕು.

ಮೀನಿನ ಒಡೆತನ

ಇಂಗ್ಲೆಂಡಿನ ಒಳನಾಡಿನ ಹೊಳೆಗಳಲ್ಲಿ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ದಡದ ಜಮೀನಿಗೆ ಅಂಟಿಕೊಂಡು ಬಂದದ್ದು. ಅಮೆರಿಕ ಬೇರೆ ದಾರಿ ಹಿಡಿಯಿತು. ನ್ಯೂಜೆರ್ಸಿಯ ರಾರಿಟನ್ ಕೊಲ್ಲಿಯ ಚಿಪ್ಪುಮೀನಿನ ನೆಲೆಗಳ ಕುರಿತ ಮೊಕದ್ದಮೆಯಲ್ಲಿ (ಮಾರ್ಟಿನ್ ವಿರುದ್ಧ ವಾಡೆಲ್, 1842) ಸುಪ್ರೀಂ ಕೋರ್ಟು, ದೊರೆಯ ಕೈಯಲ್ಲಿದ್ದ ನೀರಿನ ಹಕ್ಕು ಕ್ರಾಂತಿಯ ನಂತರ ರಾಜ್ಯದ ಜನರಿಗೆ ಬಂತು ಎಂದಿತು. 1896ರ ಗೀರ್ ವಿರುದ್ಧ ಕನೆಕ್ಟಿಕಟ್ ತೀರ್ಪು, ಕಾಡುಜೀವಿಗಳು ಜನರ ಸೊತ್ತು, ರಾಜ್ಯ ಅವುಗಳ ಧರ್ಮದರ್ಶಿ ಎಂಬ ವಾದವನ್ನು ಎತ್ತಿಹಿಡಿಯಿತು. ಈ ಒಡೆತನದ ಮಾತನ್ನು 1979ರಲ್ಲಿ ಅದೇ ಕೋರ್ಟು ಬದಿಗೆ ಸರಿಸಿತು, ಅದೂ ಬೆರಳುದ್ದದ ಮೀನಿನ ನೆಪದಲ್ಲಿ. ಒಕ್ಲಹಾಮದ ಹೊಳೆಗಳಲ್ಲಿ ಹಿಡಿದ ಮಿನ್ನೋಗಳನ್ನು, ಅಂದರೆ ಗಾಳಕ್ಕೆ ಚುಚ್ಚುವ ಸಣ್ಣ ಮೀನುಗಳನ್ನು, ಹೊರರಾಜ್ಯಕ್ಕೆ ಮಾರಬಾರದೆಂಬ ಕಾನೂನು ಹ್ಯೂಸ್ ವಿರುದ್ಧ ಒಕ್ಲಹಾಮ ಮೊಕದ್ದಮೆಯಲ್ಲಿ ಬಿದ್ದುಹೋಯಿತು. ರಾಜ್ಯ ಮೀನಿನ ಮಾಲೀಕನಲ್ಲ, ಆದರೆ ಸಂರಕ್ಷಣೆಗಾಗಿ ನಿಯಮ ಮಾಡುವ ಅಧಿಕಾರ ಅದಕ್ಕಿದೆ ಎಂಬುದು ಅಲ್ಲಿಂದೀಚೆಗಿನ ನಿಲುವು.

ಮೀನು ಎಲ್ಲರದಾದರೂ ಅದರ ಹತ್ತಿರ ಹೋಗುವ ದಾರಿ ಎಲ್ಲರದಲ್ಲ. ಕೊಲರಾಡೊದಲ್ಲಿ ಖಾಸಗಿ ಜಮೀನಿನ ನಡುವೆ ಹರಿಯುವ ಹೊಳೆಯ ತಳವೂ ಜಮೀನುದಾರನದೇ; ಒಪ್ಪಿಗೆಯಿಲ್ಲದೆ ಅದರ ಮೇಲೆ ಕಾಲಿಟ್ಟರೆ ಅತಿಕ್ರಮಣವೆಂದು ಆ ರಾಜ್ಯದ ಸುಪ್ರೀಂ ಕೋರ್ಟು 1979ರಲ್ಲಿ ಹೇಳಿತು. ಮೊಂಟಾನಾದ ನ್ಯಾಯಾಲಯ 1984ರಲ್ಲಿ ನೇರ ಎದುರಿನ ತೀರ್ಮಾನಕ್ಕೆ ಬಂತು, ಮರುವರ್ಷ ಶಾಸನವೂ ಆಯಿತು. ಅಲ್ಲಿ ಸೇತುವೆಯ ಬಳಿ ಹೊಳೆಗೆ ಇಳಿದವರು, ಮಾಮೂಲಿನ ತುಂಬುನೀರಿನ ಗೆರೆ ದಾಟದಿದ್ದರೆ, ಯಾರ ಹೊಲದ ನಡುವೆಯಾದರೂ ಗಾಳ ಹಾಕುತ್ತ ಸಾಗಬಹುದು. ಟ್ರೌಟ್ ಮೀನಿಗೆ ಎರಡೂ ರಾಜ್ಯಗಳು ಹೆಸರುವಾಸಿ. ಗಾಳಗಾರರ ಪ್ರೀತಿ ಯಾವ ರಾಜ್ಯದ ಕಡೆ ಎಂದು ಕೇಳಬೇಕಾಗಿಲ್ಲ.

ಕರ್ನಾಟಕದ ಓದುಗರಿಗೆ ಇಲ್ಲೊಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲೂ ಸಂವಿಧಾನದ ಪ್ರಕಾರ ಮೀನುಗಾರಿಕೆ ರಾಜ್ಯಪಟ್ಟಿಯ ವಿಷಯವೇ. ಆದರೆ ನಮ್ಮ ಕೆರೆಗಳ ಮೀನಿನ ಹಕ್ಕನ್ನು ಸಹಕಾರ ಸಂಘಕ್ಕೋ ಹರಾಜು ಹಿಡಿದವರಿಗೋ ಗುತ್ತಿಗೆ ಕೊಡುವುದು ರೂಢಿ. ಹಾಗೆ ಕೊಟ್ಟ ಕೆರೆಯಲ್ಲಿ ಗಾಳ ಹಾಕುವವರು ಗುತ್ತಿಗೆದಾರನ ಬೆಳೆಗೆ ಕೈ ಹಾಕಿದಂತೆ. ಅಮೆರಿಕದ ಸಾರ್ವಜನಿಕ ಸರೋವರದಲ್ಲಿ ಬಾಸ್, ಟ್ರೌಟ್‌ಗಳಂಥ ಮೀನನ್ನು ಮಾರಾಟಕ್ಕೆ ಹಿಡಿಯುವುದೇ ಬಹುಪಾಲು ನಿಷಿದ್ಧ. ಅವು ಗಾಳಗಾರರಿಗೇ ಮೀಸಲು.

ಲೈಸೆನ್ಸ್

ನಿಯಮಗಳಲ್ಲಿ ಮೊದಲನೆಯದು ಲೈಸೆನ್ಸ್. ಹಲವು ರಾಜ್ಯಗಳಲ್ಲಿ ಹದಿನಾರು ತುಂಬಿದವರಿಗೆ ಕಡ್ಡಾಯ, ಟೆಕ್ಸಸ್ ಮತ್ತು ಮಿಷಿಗನ್‌ನಲ್ಲಿ ಹದಿನೇಳು. ಫ್ಲಾರಿಡಾದ ನಿವಾಸಿಗಳಿಗೆ 65 ದಾಟಿದ ಮೇಲೆ ಬೇಕಿಲ್ಲ. ಟೆಕ್ಸಸ್ ಮಾತ್ರ ವಯಸ್ಸಿನ ಬದಲು ಇಸವಿಯನ್ನು ಹಿಡಿದಿದೆ: 1931ರ ಜನವರಿ 1ಕ್ಕೆ ಮೊದಲು ಹುಟ್ಟಿದವರಿಗೆ ವಿನಾಯಿತಿ. ಈ ಗುಂಪು ವರ್ಷದಿಂದ ವರ್ಷಕ್ಕೆ ಕರಗುತ್ತಲೇ ಹೋಗುವುದರಿಂದ ಖಜಾನೆಗೆ ಚಿಂತೆಯಿಲ್ಲ. ಟೆಕ್ಸಸ್‌ನ ರಾಜ್ಯ ಉದ್ಯಾನಗಳ ಒಳಗೆ ದಡದಿಂದ ಗಾಳ ಹಾಕುವವರಿಗೆ ಯಾರಿಗೂ ಲೈಸೆನ್ಸ್ ಬೇಡ. ಜೂನ್ ತಿಂಗಳ ಮೊದಲ ಶನಿವಾರ ಆ ರಾಜ್ಯದಲ್ಲಿ ಎಲ್ಲರಿಗೂ ಉಚಿತ. ಇಂಥ ಬಿಟ್ಟಿ ದಿನಗಳನ್ನು ಬಹುತೇಕ ರಾಜ್ಯಗಳು ಇಟ್ಟುಕೊಂಡಿವೆ, ಹೊಸಬರಿಗೆ ರುಚಿ ಹತ್ತಲಿ ಎಂದು. ಫ್ಲಾರಿಡಾದ ಹಳೆಯ ವಿನಾಯಿತಿಯೊಂದು ನಮ್ಮ ಹಳ್ಳಿಯ ಹುಡುಗರಿಗೂ ಒಪ್ಪುವಂಥದು: ಸ್ವಂತ ಕೌಂಟಿಯಲ್ಲಿ, ದಾರ ಸುತ್ತುವ ರಾಟೆಯಿಲ್ಲದ ಬರೀ ಕಡ್ಡಿಗೆ ಎರೆಹುಳುವಿನಂಥ ಸಹಜ ಎರೆ ಕಟ್ಟಿ ಹಿಡಿಯುವ ನಿವಾಸಿಗೆ ಲೈಸೆನ್ಸಿನ ಹಂಗಿಲ್ಲ.

ದರದಲ್ಲಿ ಒಳಗಿನವರು, ಹೊರಗಿನವರು ಎಂಬ ಭೇದ ಎದ್ದು ಕಾಣುತ್ತದೆ. 2020ರ ದಶಕದ ಮೊದಲ ವರ್ಷಗಳಲ್ಲಿ ಫ್ಲಾರಿಡಾದ ಸಿಹಿನೀರಿನ ವಾರ್ಷಿಕ ಲೈಸೆನ್ಸ್ ನಿವಾಸಿಗೆ 17 ಡಾಲರ್, ಹೊರಗಿನವರಿಗೆ 47. ಟೆಕ್ಸಸ್‌ನಲ್ಲಿ ಕ್ರಮವಾಗಿ 30 ಮತ್ತು 58. ಇದು ನ್ಯಾಯವೇ ಎಂಬ ಪ್ರಶ್ನೆ ಮೊಂಟಾನಾದ ಎಲ್ಕ್ ಜಿಂಕೆಯ ಬೇಟೆಯ ಸಂದರ್ಭದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ (1978), ಮನರಂಜನೆಗಾಗಿ ಮಾಡುವ ಬೇಟೆ ಮೂಲಭೂತ ಹಕ್ಕಲ್ಲವಾದ್ದರಿಂದ ಹೊರಗಿನವರಿಗೆ ಹೆಚ್ಚು ದರ ಹಾಕಬಹುದೆಂದು ಅದು ಹೇಳಿತು.

ನಿವಾಸಿ ಯಾರು ಎಂಬುದನ್ನು ಇಲ್ಲಿ ನಿರ್ಧರಿಸುವುದು ಪೌರತ್ವವಲ್ಲ, ವಾಸ. ಟೆಕ್ಸಸ್‌ನಲ್ಲಿ ಆರು ತಿಂಗಳು ಬಿಡದೆ ನೆಲೆಸಿರಬೇಕು. ಕೆಲಸದ ವೀಸಾದ ಮೇಲೆ ಡಲ್ಲಾಸ್‌ನಲ್ಲಿರುವ ಕನ್ನಡಿಗ ಎಂಜಿನಿಯರ್‌ಗೆ ಅಗ್ಗದ ಲೈಸೆನ್ಸ್ ಸಿಗುತ್ತದೆ. ಮಗನ ಮನೆಗೆ ಬೇಸಿಗೆಯಲ್ಲಿ ಬಂದ ತಂದೆ ಹೊರಗಿನವರ ದರ ಕೊಡಬೇಕು. ಅರ್ಜಿಯಲ್ಲಿ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಕೇಳುವುದನ್ನು ಕಂಡು ಹಲವರು ಬೆರಗಾಗುತ್ತಾರೆ. ಕಾರಣ ಮೀನಿಗೆ ಸಂಬಂಧಿಸಿದ್ದೇ ಅಲ್ಲ. ವಿಚ್ಛೇದನದ ನಂತರ ಮಕ್ಕಳ ಪೋಷಣೆಯ ಹಣ ಬಾಕಿ ಉಳಿಸಿಕೊಂಡವರನ್ನು ಪತ್ತೆಹಚ್ಚಲು 1990ರ ದಶಕದ ಒಕ್ಕೂಟ ಕಾನೂನು ಮನರಂಜನೆಯ ಲೈಸೆನ್ಸ್‌ಗಳಿಗೂ ಈ ಸಂಖ್ಯೆಯನ್ನು ಗಂಟುಹಾಕಿತು. ಬಾಕಿದಾರನ ಲೈಸೆನ್ಸನ್ನೇ ತಡೆಹಿಡಿಯಬಹುದು.

ಹಣದ ಹಾದಿ

ಈ ವ್ಯವಸ್ಥೆ ಮುಕ್ಕಾಲು ಶತಮಾನದಿಂದ ಕುಸಿಯದೆ ನಿಂತಿರುವುದು ಅಧಿಕಾರಿಗಳ ಬಿಗಿಯಿಂದಲ್ಲ, ಲೆಕ್ಕಪತ್ರದ ಬಿಗಿಯಿಂದ. ಮಿಷಿಗನ್‌ನ ಜಾನ್ ಡಿಂಗೆಲ್ ಮತ್ತು ಕೊಲರಾಡೊದ ಎಡ್ವಿನ್ ಜಾನ್ಸನ್ ಅವರ ಹೆಸರಿನಲ್ಲಿ ಕರೆಯುವ 1950ರ ಕಾಯಿದೆ ಗಾಳದ ಕೋಲು, ರೀಲು, ಕೃತಕ ಎರೆ ಮುಂತಾದವುಗಳ ಮೇಲೆ ತಯಾರಕರಿಂದ ವಸೂಲಾಗುವ ತೆರಿಗೆಯನ್ನು ಮೀನಿನ ಪಾಲನೆಗೇ ಮೀಸಲಿಟ್ಟಿತು. ಬಹುಪಾಲು ಸಾಮಾನಿನ ಮೇಲೆ ಅದು ಶೇ. 10. 1984ರ ತಿದ್ದುಪಡಿ ಮೋಟಾರ್ ದೋಣಿಗಳ ಇಂಧನದ ತೆರಿಗೆಯನ್ನೂ ಸೇರಿಸಿತು. ರಾಜ್ಯಗಳಿಗೆ ಹಂಚುವಾಗ ಶೇ. 40ರಷ್ಟಕ್ಕೆ ನೆಲ ಮತ್ತು ನೀರಿನ ವಿಸ್ತೀರ್ಣ, ಶೇ. 60ರಷ್ಟಕ್ಕೆ ಹಣ ಕೊಟ್ಟು ಲೈಸೆನ್ಸ್ ಪಡೆದವರ ಸಂಖ್ಯೆ ಆಧಾರ. ಯಾವ ರಾಜ್ಯಕ್ಕೂ ಒಟ್ಟು ಮೊತ್ತದ ಶೇ. 5ಕ್ಕಿಂತ ಹೆಚ್ಚಿಲ್ಲ, ಶೇ. 1ಕ್ಕಿಂತ ಕಡಿಮೆಯಿಲ್ಲ. ಕಾಮಗಾರಿಯ ಖರ್ಚಿನಲ್ಲಿ ಕಾಲು ಭಾಗವನ್ನು ರಾಜ್ಯ ಹಾಕಬೇಕು.

ಇದರ ಜೊತೆಗಿನ ಷರತ್ತೇ ನಿಜವಾದ ಕೀಲಿ. ಲೈಸೆನ್ಸಿನಿಂದ ಬಂದ ಹಣವನ್ನು ಮೀನು ಮತ್ತು ವನ್ಯಜೀವಿ ಇಲಾಖೆಯ ಕೆಲಸ ಬಿಟ್ಟು ಬೇರಾವುದಕ್ಕೂ ಬಳಸುವುದಿಲ್ಲವೆಂದು ಶಾಸನ ಮಾಡಿದ ರಾಜ್ಯಕ್ಕೆ ಮಾತ್ರ ಈ ಪಾಲು. ರಸ್ತೆಗೆಂದೋ ಸಂಬಳಕ್ಕೆಂದೋ ಆ ಹಣಕ್ಕೆ ಕೈ ಹಾಕಿದ ಶಾಸನಸಭೆ ಒಕ್ಕೂಟದ ಅನುದಾನವನ್ನೇ ಕಳೆದುಕೊಳ್ಳಬೇಕಾಗುತ್ತದೆ. ಮರಿ ಉತ್ಪಾದನಾ ಕೇಂದ್ರ, ದೋಣಿ ಇಳಿಸುವ ಕಟ್ಟೆ, ಸರೋವರಗಳ ಸಮೀಕ್ಷೆ ಎಲ್ಲವೂ ಇದರಲ್ಲೇ ನಡೆಯುತ್ತವೆ. ಹೀಗೆ ಮೀನು ಹಿಡಿಯುವವನೇ ಮೀನು ಸಾಕುವವನೂ ಆಗಿರುವುದರಿಂದ ನಿಯಮದ ಬಗ್ಗೆ ಅವನ ಗೊಣಗಾಟಕ್ಕೂ ಒಂದು ತೂಕವಿದೆ. ನಿಯಮ ತಿದ್ದುವ ಮುನ್ನ ಇಲಾಖೆಗಳು ಸಾರ್ವಜನಿಕ ಸಭೆ ಕರೆದು ಆ ಗೊಣಗಾಟವನ್ನು ಕೇಳಿಸಿಕೊಳ್ಳುತ್ತವೆ.

ಎಷ್ಟು, ಎಷ್ಟುದ್ದ, ಯಾವಾಗ

ದಿನಕ್ಕೆ ಎಷ್ಟು ಮೀನು ಒಯ್ಯಬಹುದು ಎಂಬುದು ದಿನದ ಮಿತಿ. ಒಟ್ಟಿನಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಎಂಬುದು ಸಂಗ್ರಹದ ಮಿತಿ. ಟೆಕ್ಸಸ್‌ನಲ್ಲಿ ಅದು ಸಾಮಾನ್ಯವಾಗಿ ದಿನದ ಮಿತಿಯ ಎರಡರಷ್ಟು. ದಿನದ ಮಿತಿ ಮೀನನ್ನು ಉಳಿಸುವುದಕ್ಕಿಂತ ಹೆಚ್ಚಾಗಿ ಹಂಚುತ್ತದೆ. ನುರಿತವನೊಬ್ಬ ಬೆಳಗಾಗುವಷ್ಟರಲ್ಲಿ ಎಲ್ಲವನ್ನೂ ಬಳಿದುಕೊಂಡು ಹೋಗದಂತೆ ನೋಡಿಕೊಳ್ಳುವುದು ಅದರ ಕೆಲಸ. ನೀರಿನೊಳಗಿನ ಲೆಕ್ಕವನ್ನು ನಿಜವಾಗಿ ಬದಲಿಸುವುದು ಉದ್ದದ ಮಿತಿ.

ಅಮೆರಿಕದ ಗಾಳಗಾರರ ಅಚ್ಚುಮೆಚ್ಚಿನ ಲಾರ್ಜ್‌ಮೌತ್ ಬಾಸ್ ಮೀನನ್ನೇ ನೋಡಬಹುದು. ಟೆಕ್ಸಸ್‌ನ ಸಾಮಾನ್ಯ ನಿಯಮದಲ್ಲಿ 14 ಅಂಗುಲಕ್ಕಿಂತ ಚಿಕ್ಕದನ್ನು ನೀರಿಗೆ ಬಿಡಬೇಕು, ದಿನಕ್ಕೆ ಐದಕ್ಕಿಂತ ಹೆಚ್ಚು ಒಯ್ಯಬಾರದು. ಒಮ್ಮೆಯಾದರೂ ಮೊಟ್ಟೆಯಿಟ್ಟ ಮೇಲೆ ಬಾಣಲೆ ಸೇರಲಿ ಎಂಬುದು ಇಲ್ಲಿನ ಆಲೋಚನೆ. ಫ್ಲಾರಿಡಾ 2016ರಲ್ಲಿ ಈ ಆಲೋಚನೆಯನ್ನು ಮಗುಚಿಹಾಕಿತು. ಅಲ್ಲಿಯೂ ಐದೇ, ಆದರೆ ಕನಿಷ್ಠ ಉದ್ದವೆಂಬುದಿಲ್ಲ. ಐದರಲ್ಲಿ 16 ಅಂಗುಲ ಅಥವಾ ಅದಕ್ಕೂ ಉದ್ದದ್ದು ಒಂದೇ ಇರಬೇಕು. ಚಿಕ್ಕವು ಬೇಕಾದಷ್ಟು ಹುಟ್ಟುತ್ತವೆ, ಕೊರತೆ ಇರುವುದು ದೊಡ್ಡವಕ್ಕೆ ಎಂಬುದು ಅದರ ವಾದ. ದೊಡ್ಡ ಬಾಸ್ ಸಾಮಾನ್ಯವಾಗಿ ಹೆಣ್ಣೇ. ಮೈ ಬೆಳೆದಂತೆ ಮೊಟ್ಟೆಗಳೂ ಹೆಚ್ಚುತ್ತವೆ. ಮೂರನೆಯ ಬಗೆ ನಡು ಅಳತೆಯ ರಕ್ಷಣೆ. ಟೆಕ್ಸಸ್‌ನ ಲೇಕ್ ಫೋರ್ಕ್ ಜಲಾಶಯದಲ್ಲಿ 16ರಿಂದ 24 ಅಂಗುಲದ ನಡುವಿನ ಬಾಸನ್ನು ಮುಟ್ಟುವಂತಿಲ್ಲ. ಅದಕ್ಕೂ ಚಿಕ್ಕದನ್ನು ಒಯ್ಯಬಹುದು, 24 ಅಂಗುಲ ಮುಟ್ಟಿದ ಒಂದನ್ನು ಇಟ್ಟುಕೊಳ್ಳಬಹುದು. ಚಿಕ್ಕವು ತೆಳುವಾದರೆ ಉಳಿದವಕ್ಕೆ ಮೇವು ಸಾಕಷ್ಟು ಸಿಗುತ್ತದೆ, ನಡುವಿನವು ನಿರ್ಭಯವಾಗಿ ಬೆಳೆಯುತ್ತವೆ. ರಾಜ್ಯದ ದಾಖಲೆಯ 18.18 ಪೌಂಡಿನ ಬಾಸ್ 1992ರಲ್ಲಿ ಸಿಕ್ಕಿದ್ದು ಇದೇ ನೀರಿನಲ್ಲಿ.

ಅಂಗುಲದ ಜಗಳ ಅಂಗುಲಪಟ್ಟಿಯಿಂದಲೇ ಶುರುವಾಗುವುದರಿಂದ ಅಳೆಯುವ ರೀತಿಯನ್ನೂ ಕೈಪಿಡಿಗಳು ಬಿಡಿಸಿ ಹೇಳುತ್ತವೆ. ಟೆಕ್ಸಸ್‌ನಲ್ಲಿ ಮೀನಿನ ಬಾಯಿ ಮುಚ್ಚಿ, ಬಾಲದ ಎರಡು ಕವಲುಗಳನ್ನು ಒತ್ತಿ ಹಿಡಿದು, ಮೂತಿಯಿಂದ ಬಾಲದ ತುದಿಯವರೆಗೆ ನೇರವಾಗಿ ಅಳೆಯಬೇಕು.

ಮೊಟ್ಟೆಯಿಡುವ ಕಾಲವನ್ನು ಕಾಯುವ ಋತುವಿನ ನಿರ್ಬಂಧ ಉತ್ತರದ ಚಳಿ ರಾಜ್ಯಗಳಲ್ಲಿ ಹೆಚ್ಚು. ಬಾಸ್ ಮೀನಿನ ಗಂಡು ತಳದಲ್ಲಿ ಗುಳಿ ಮಾಡಿ, ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ತಾನೇ ಕಾವಲು ನಿಲ್ಲುತ್ತದೆ. ಹತ್ತಿರ ಬಂದ ಯಾವುದರ ಮೇಲಾದರೂ ಎರಗುವುದರಿಂದ ಗಾಳಕ್ಕೆ ಸುಲಭದ ತುತ್ತು. ಕಾವಲು ತಪ್ಪಿದೊಡನೆ ಸಣ್ಣ ಮೀನುಗಳು ಮೊಟ್ಟೆಗಳನ್ನು ಮುಗಿಸುತ್ತವೆ. ಮಿಷಿಗನ್‌ನ ಹಲವು ಟ್ರೌಟ್ ಹೊಳೆಗಳು ಏಪ್ರಿಲ್‌ನ ಕೊನೆಯ ಶನಿವಾರ ತೆರೆಯುತ್ತವೆ. ಟೆಕ್ಸಸ್‌ನಲ್ಲಿ ಬಾಸ್ ಹಿಡಿಯಲು ವರ್ಷವಿಡೀ ಅವಕಾಶ.

ಸಾಧನ, ಎರೆ, ದೋಣಿ

ಸಿಡಿಮದ್ದು, ವಿಷ, ವಿದ್ಯುತ್ತಿನಿಂದ ಮೀನು ಕೊಲ್ಲುವುದು ಹವ್ಯಾಸಿಗಳಿಗೆ ಬಹುತೇಕ ಎಲ್ಲೆಡೆ ನಿಷಿದ್ಧ. ಉಳಿದಂತೆ ವೈವಿಧ್ಯ ಬೇಕಾದಷ್ಟಿದೆ. ಮಿನ್ನೆಸೋಟದಲ್ಲಿ ಬೇಸಿಗೆಯಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಗಾಳ, ಹೆಪ್ಪುಗಟ್ಟಿದ ಸರೋವರಕ್ಕೆ ತೂತು ಕೊರೆದು ಕೂತಾಗ ಎರಡು. ಪೊಟರೆಯೊಳಗೆ ಕೈ ತೂರಿಸಿ ಕ್ಯಾಟ್‌ಫಿಶ್ ಹಿಡಿಯುವುದನ್ನು ಟೆಕ್ಸಸ್ 2011ರಲ್ಲಿ ಸಕ್ರಮಗೊಳಿಸಿತು. ವರ್ಮಾಂಟ್‌ನ ಶಾಂಪ್ಲೇನ್ ಸರೋವರದಲ್ಲಿ ವಸಂತದ ಎರಡು ತಿಂಗಳು ಪೈಕ್ ಮೀನಿಗೆ ಬಂದೂಕು ಹಾರಿಸಬಹುದು. ದೇಶದಲ್ಲಿ ಇದಕ್ಕಿಂತ ವಿಚಿತ್ರ ನಿಯಮ ಸಿಗುವುದು ಕಷ್ಟ.

ಯಾವ ಮೀನಿಗೆ ಮರ್ಯಾದೆ ಎಂಬುದನ್ನೂ ಕಾನೂನೇ ಹೇಳುತ್ತದೆ. ನಮ್ಮ ಕೆರೆಗಳಿಗೂ ಬಂದು ನೆಲೆಸಿದ ಸಾಮಾನ್ಯ ಗೆಂಡೆಯನ್ನು 1877ರ ಸುಮಾರಿಗೆ ಒಕ್ಕೂಟದ ಮೀನು ಆಯೋಗವೇ ಯುರೋಪಿನಿಂದ ತರಿಸಿ ಹೆಮ್ಮೆಯಿಂದ ಹಂಚಿತ್ತು. ಈಗ ಅದು ಕೆಳದರ್ಜೆಯದು. ಟೆಕ್ಸಸ್‌ನಲ್ಲಿ ಅದಕ್ಕೆ ಸಾಮಾನ್ಯವಾಗಿ ಸಂಖ್ಯೆಯ ಮಿತಿಯಿಲ್ಲ, ಬಿಲ್ಲುಬಾಣದಿಂದಲೂ ಹೊಡೆಯಬಹುದು. ನಮ್ಮ ಕೊರವ ಮೀನಿನ ನೆಂಟನಾದ ಸ್ನೇಕ್‌ಹೆಡ್ 2002ರಲ್ಲಿ ಮೇರಿಲೆಂಡಿನ ಕ್ರಾಫ್ಟನ್ ಊರಿನ ಹೊಂಡದಲ್ಲಿ ಕಂಡಾಗ ಪತ್ರಿಕೆಗಳಲ್ಲಿ ಗುಲ್ಲೆದ್ದಿತು, ಕೊಳಕ್ಕೆ ಔಷಧ ಹಾಕಿ ಎಲ್ಲವನ್ನೂ ಕೊಂದರು. ಅದೇ ವರ್ಷ ಒಕ್ಕೂಟ ಸರ್ಕಾರ ಜೀವಂತ ಸ್ನೇಕ್‌ಹೆಡ್‌ಗಳ ಆಮದನ್ನೂ ರಾಜ್ಯದಿಂದ ರಾಜ್ಯಕ್ಕೆ ಸಾಗಾಟವನ್ನೂ ನಿಷೇಧಿಸಿತು. ಸಾರಿಗೆ ಕೊರವವೇ ಆಗಬೇಕೆನ್ನುವವರು ಇದನ್ನು ಬಕೆಟ್ಟಿನಲ್ಲಿ ಜೀವಂತ ಒಯ್ಯದೆ, ಹಿಡಿದಲ್ಲೇ ಕೊಂದು ಒಯ್ಯಬೇಕು.

ಹೊರಗಿನ ಜೀವಿಗಳ ಭಯ ಈಚಿನ ನಿಯಮಗಳನ್ನೆಲ್ಲ ಆವರಿಸಿದೆ. 1988ರಲ್ಲಿ ಮಹಾಸರೋವರಗಳ ಪ್ರದೇಶದಲ್ಲಿ ಪತ್ತೆಯಾದ ಜೀಬ್ರಾ ಚಿಪ್ಪುಜೀವಿ ದೋಣಿಗಳ ಮೂಲಕ ದಕ್ಷಿಣಕ್ಕೆ ಇಳಿದು 2009ರಲ್ಲಿ ಟೆಕ್ಸಸ್‌ನ ಟೆಕ್ಸೋಮಾ ಸರೋವರ ಮುಟ್ಟಿತು. ಅದರ ಮರಿಗಳು ಕಣ್ಣಿಗೆ ಕಾಣವು. ಹಾಗಾಗಿ 2014ರಿಂದ ಆ ರಾಜ್ಯದಲ್ಲಿ ಸಾರ್ವಜನಿಕ ಜಲಾಶಯ ಬಿಡುವ ಮುನ್ನ ದೋಣಿಯ ನೀರನ್ನೆಲ್ಲ ಬಸಿಯಬೇಕು, ಎರೆಮೀನಿನ ಡಬ್ಬಿಯದು ಸಹ. ಗಾಳದ ದಾರಕ್ಕೆ ಭಾರವಾಗಿ ಕಟ್ಟುವ ಸೀಸದ ಗುಂಡುಗಳ ಮೇಲಿನ ನಿಷೇಧ ಲೂನ್ ಎಂಬ ನೀರುಹಕ್ಕಿಯ ಸಲುವಾಗಿ ಬಂದದ್ದು. ಕಲ್ಲಿನ ಹರಳೆಂದು ಸೀಸ ನುಂಗಿ ಹಕ್ಕಿಗಳು ಸಾಯುತ್ತಿದ್ದುದರಿಂದ ನ್ಯೂ ಹ್ಯಾಂಪ್‌ಶೈರ್ ಮೊದಲಾದ ಈಶಾನ್ಯ ರಾಜ್ಯಗಳು ಅವಕ್ಕೆ ಕಡಿವಾಣ ಹಾಕಿದವು. ನ್ಯೂಯಾರ್ಕ್ 2004ರಲ್ಲಿ ಅರ್ಧ ಔನ್ಸ್ ಮತ್ತು ಅದಕ್ಕೂ ಚಿಕ್ಕ ಸೀಸದ ಗುಂಡುಗಳ ಮಾರಾಟ ನಿಲ್ಲಿಸಿತು.

ರಾಜ್ಯದ ಕೈ ಎಟುಕದ ಹಕ್ಕುಗಳು

ಮೂಲನಿವಾಸಿ ಬುಡಕಟ್ಟುಗಳು ಹತ್ತೊಂಬತ್ತನೆಯ ಶತಮಾನದ ಒಪ್ಪಂದಗಳಲ್ಲಿ ನೆಲ ಬಿಟ್ಟುಕೊಟ್ಟರೂ ಹಲವೆಡೆ ಮೀನಿನ ಹಕ್ಕನ್ನು ಉಳಿಸಿಕೊಂಡಿದ್ದರು. ರಾಜ್ಯಗಳು ಬಹುಕಾಲ ಇದನ್ನು ಕಡೆಗಣಿಸಿ ಬುಡಕಟ್ಟಿನವರನ್ನು ಬಂಧಿಸಿದವು. ವಾಷಿಂಗ್ಟನ್ ರಾಜ್ಯದ ಕುರಿತು 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಕೊಟ್ಟ ತೀರ್ಪು, ಬುಡಕಟ್ಟುಗಳ ರೂಢಿಯ ನೆಲೆಗಳಲ್ಲಿ ಹಿಡಿಯಬಹುದಾದ ಸಾಲ್ಮನ್ ಮತ್ತು ಸ್ಟೀಲ್‌ಹೆಡ್‌ನಲ್ಲಿ ಅರ್ಧದವರೆಗೆ ಅವರಿಗೆ ಎಂದಿತು. ಮಿನ್ನೆಸೋಟದ ಮಿಲ್ ಲ್ಯಾಕ್ಸ್ ಪಂಗಡದ 1837ರ ಒಪ್ಪಂದದ ಹಕ್ಕನ್ನು ಸುಪ್ರೀಂ ಕೋರ್ಟು 1999ರಲ್ಲಿ ಮಾನ್ಯ ಮಾಡಿತು. ಆ ಸರೋವರದ ವಾಲೈ ಮೀನಿನ ಪಾಲನ್ನು ಈಗ ರಾಜ್ಯ ಮತ್ತು ಬುಡಕಟ್ಟುಗಳು ಮಾತಾಡಿಕೊಂಡು ಗೊತ್ತುಮಾಡುತ್ತವೆ.

ಜಾರಿ

ನಿಯಮ ಪಾಲನೆ ನೋಡಿಕೊಳ್ಳುವವರು ಸಮವಸ್ತ್ರದ ವಾರ್ಡನ್‌ಗಳು. ಲೈಸೆನ್ಸ್ ತೋರಿಸಿ ಎನ್ನುವುದು, ಹಿಡಿದ ಮೀನನ್ನು ಅಳೆದು ನೋಡುವುದು ಅವರ ನಿತ್ಯದ ಕೆಲಸ. ಕೊಲರಾಡೊ, ನೆವಾಡ, ಒರೆಗಾನ್ ಸೇರಿ 1989ರಲ್ಲಿ ಆರಂಭಿಸಿದ ಅಂತರರಾಜ್ಯ ಒಡಂಬಡಿಕೆಯಲ್ಲಿ ಈಗ ಹೆಚ್ಚುಕಡಿಮೆ ಎಲ್ಲ ರಾಜ್ಯಗಳೂ ಇವೆ. ಒಂದು ಕಡೆ ಲೈಸೆನ್ಸ್ ಕಳೆದುಕೊಂಡವರಿಗೆ ಉಳಿದ ಕಡೆಯೂ ಬಾಗಿಲು ಮುಚ್ಚಬಹುದು. ಮೀನು ಹಿಡಿಯುವ ಪಂದ್ಯಗಳಿಗೆ ದೊಡ್ಡ ಮೊತ್ತ ಬಂದು ಸೇರಿದ ಹಾಗೆ ಮೋಸವೂ ಕಾನೂನಿನ ಕಣ್ಣಿಗೆ ಬಿತ್ತು. ಟೆಕ್ಸಸ್‌ನಲ್ಲಿ ಬಹುಮಾನ 10,000 ಡಾಲರ್ ಅಥವಾ ಹೆಚ್ಚಿದ್ದರೆ ಪಂದ್ಯದ ವಂಚನೆ ಗಂಭೀರ ಅಪರಾಧ. ಓಹಾಯೊದ ಕ್ಲೀವ್‌ಲೆಂಡಿನಲ್ಲಿ 2022ರ ಸೆಪ್ಟೆಂಬರಿನಲ್ಲಿ ಪಂದ್ಯವೊಂದರ ಸಂಘಟಕರು ಗೆದ್ದ ವಾಲೈ ಮೀನುಗಳ ಹೊಟ್ಟೆ ಸೀಳಿದಾಗ ಸೀಸದ ಗುಂಡುಗಳೂ ಬೇರೆ ಮೀನಿನ ತುಂಡುಗಳೂ ಹೊರಬಿದ್ದವು. ತಪ್ಪೊಪ್ಪಿಕೊಂಡ ಇಬ್ಬರಿಗೆ ಮರುವರ್ಷ ಹತ್ತು ದಿನ ಜೈಲಾಯಿತು, ಮೂರು ವರ್ಷ ಲೈಸೆನ್ಸ್ ಅಮಾನತಾಯಿತು.