ಹೊಗೆಸೊಪ್ಪಿನ ಸೀಮೆಯೂ ಸಿಲಿಕಾನ್ ಕಣ್ಣೂ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದರೆ ಹೊಗೆಸೊಪ್ಪಿನ ಸೀಮೆ. ಬ್ಯಾರನ್‌ಗಳಲ್ಲಿ ಹದವಾದ ಎಲೆ ಹರಾಜುಕಟ್ಟೆ ದಾಟಿ ದೂರದೇಶಗಳ ಸಿಗರೇಟು ಸೇರುತ್ತದೆ. ಸಿಗರೇಟು ಶ್ವಾಸಕೋಶದಲ್ಲಿ ಬೆಳೆಸಿದ ಗಡ್ಡೆ ಎಲ್ಲೆಲ್ಲಿ ಹರಡಿದೆ ಎಂದು ತೋರಿಸುವುದು ಪೆಟ್ ಸ್ಕ್ಯಾನರ್. ಈ ಸೀಮೆಯವನಾದ ನನಗೆ ಆ ಯಂತ್ರದ ಕಣ್ಣಿನ ಚರಿತ್ರೆ ಪರರ ಕಥೆ ಅನ್ನಿಸುವುದಿಲ್ಲ.

ಫ್ಲೋರಿನ್-18 ಸೇರಿಸಿದ ಸಕ್ಕರೆಯನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಹಸಿದ ಗಡ್ಡೆ ಅದನ್ನು ಹೆಚ್ಚು ಎಳೆದುಕೊಳ್ಳುತ್ತದೆ. ಫ್ಲೋರಿನ್ ಹೊಮ್ಮಿಸುವ ಪಾಸಿಟ್ರಾನ್ ಒಂದು ಎಲೆಕ್ಟ್ರಾನನ್ನು ಕೂಡಿ ಎರಡೂ ಅಳಿಯುತ್ತವೆ. ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ಅವು ತಾಗಿದ ಹರಳುಗಳು ಮಿನುಗುತ್ತವೆ. ಆ ಮಿನುಗನ್ನು ಓದುವುದು ಹೇಗೆ ಎಂಬುದೇ ಈ ಚರಿತ್ರೆ.

1950ರ ದಶಕದಲ್ಲಿ ಬಾಸ್ಟನ್ನಿನ ಗಾರ್ಡನ್ ಬ್ರೌನೆಲ್ ಮಿದುಳಿನ ಗಡ್ಡೆ ಹುಡುಕಿದಾಗಲೂ, 1970ರ ದಶಕದಲ್ಲಿ ಸೇಂಟ್ ಲೂಯಿಸ್‌ನ ಮೈಕೆಲ್ ಫೆಲ್ಪ್ಸ್ ಮತ್ತು ಸಂಗಡಿಗರು ಪೆಟ್ ಯಂತ್ರ ಕಟ್ಟಿದಾಗಲೂ ಆ ಕೆಲಸ ಫೋಟೋಮಲ್ಟಿಪ್ಲೈಯರ್ ಎಂಬ ಗಾಜಿನ ಕೊಳವೆಯದಾಗಿತ್ತು. ಅದು ದಪ್ಪ, ಸಾವಿರ ವೋಲ್ಟ್‌ನಷ್ಟು ಬೇಡುತ್ತದೆ, ಕಾಂತದ ಬಳಿ ಕೆಡುತ್ತದೆ. ಹರಳನ್ನು ಸಣ್ಣಗೆ ಕೊಯ್ದರೂ ಒಂದೊಂದಕ್ಕೂ ಕೊಳವೆ ಕೂರಿಸಲಾಗದು. 1986ರಲ್ಲಿ ಕೇಸಿ ಮತ್ತು ನಟ್ ನಾಲ್ಕೇ ಕೊಳವೆಗಳಿಗೆ ಹತ್ತಾರು ಹರಳುಗಳನ್ನು ಒಪ್ಪಿಸುವ ಉಪಾಯ ಕಂಡುಕೊಂಡರು.

ಕೊಳವೆಯನ್ನೇ ಕೈಬಿಡುವ ದಾರಿ ತೆರೆದದ್ದು 1990ರ ದಶಕದಲ್ಲಿ ರಷ್ಯಾದಲ್ಲಿ ರೂಪುಗೊಂಡ ಸಿಲಿಕಾನ್ ಫೋಟೋಮಲ್ಟಿಪ್ಲೈಯರ್. ಉಗುರಿಗಿಂತ ಚಿಕ್ಕ ಚೂರಿನಲ್ಲಿ ಸಾವಿರಾರು ಕೋಶಗಳು, ಒಂದೇ ಬೆಳಕಿನ ಕಣಕ್ಕೂ ಮಿಡಿಯುವಂಥವು. ಕೆಲವು ಹತ್ತು ವೋಲ್ಟ್ ಸಾಕು. ಎಂಆರ್‌ಐ ಕಾಂತದೊಳಗೂ ನಡೆಯುತ್ತದೆ. 2010ರ ದಶಕದಲ್ಲಿ ಅದು ಆಸ್ಪತ್ರೆ ಸೇರಿತು.

ಇಷ್ಟಾದರೂ ಪ್ರಕೃತಿ ಒಂದು ಗೆರೆ ಎಳೆದಿದೆ. ಎರಡು ಕಿರಣಗಳು ತುಸು ಓರೆಯಾಗಿ ಹೊರಡುವುದರಿಂದ ಮೈ ಹಿಡಿಸುವಷ್ಟು ದೊಡ್ಡ ಉಂಗುರದಲ್ಲಿ ಸುಮಾರು 2 ಮಿಲಿಮೀಟರ್ ಮಸುಕು ಉಳಿಯುತ್ತದೆ. ಶ್ವಾಸಕೋಶವಂತೂ ಉಸಿರಿನೊಂದಿಗೆ ಅಲುಗುತ್ತಲೇ ಇರುತ್ತದೆ. ಹಾಗಾಗಿ 8 ಮಿಲಿಮೀಟರ್‌ಗಿಂತ ಸಣ್ಣ ಗಂಟಿನ ವಿಷಯದಲ್ಲಿ ವೈದ್ಯರು ಪೆಟ್ ಒಂದನ್ನೇ ನೆಚ್ಚುವುದಿಲ್ಲ. ಗಂಟು ಅಷ್ಟು ಬೆಳೆಯುವ ಮುನ್ನವೇ ಕಾಣುವುದಾದರೆ ಚಿಕಿತ್ಸೆಗೆ ಸಿಗುವ ಕಾಲವೂ ಹೆಚ್ಚು. ಒಂದೊಂದು ಮಿಲಿಮೀಟರ್‌ಗೂ ಇಷ್ಟು ಹೋರಾಟ ಅದಕ್ಕೇ.

ಇನ್ನೊಂದು ಗೆರೆ ಕಾಲದ್ದು. ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತದೆ. 1976ರಲ್ಲಿ ಮೊದಲ ಬಾರಿ ಮನುಷ್ಯರಿಗೆ ಕೊಡಲು ಅದನ್ನು ಸೇರಿಸಿದ ಸಕ್ಕರೆಯನ್ನು ಬ್ರೂಕ್‌ಹೇವನ್‌ನಿಂದ ಫಿಲಡೆಲ್ಫಿಯಾಕ್ಕೆ ವಿಮಾನದಲ್ಲಿ ಒಯ್ದರು. ಇಂದಿಗೂ ಅದು ನಗರ ಬಿಟ್ಟು ಬಹುದೂರ ಬಾರದು. ರೋಗಿಯೇ ಅದಿರುವಲ್ಲಿಗೆ ಹೋಗಬೇಕು. ಸಿಲಿಕಾನ್ ಕಣ್ಣು ಎಷ್ಟೇ ಚುರುಕಾದರೂ, ನಮ್ಮ ಸೀಮೆಯ ಕೆಮ್ಮು ಕಾಲಕ್ಕೆ ಸರಿಯಾಗಿ ಊರು ಬಿಟ್ಟು ಹೊರಟರೆ ಮಾತ್ರ ಅದು ಉಪಯೋಗಕ್ಕೆ ಬಂದೀತು.